ಹನ್ನೆರಡನೆಯ ಹೆಸರು

ಸಿಂಗಪುರದ ಚೋವಾ ಚು ಕಾಂಗ್‌ನ ಆ ಬ್ಲಾಕಿನಲ್ಲಿದ್ದ ಏಳು ಕನ್ನಡ ಸಂಸಾರಗಳ ಪೈಕಿ ಆರಕ್ಕೆ ಕ್ರಿಕೆಟ್ಟಿನ ಹುಚ್ಚು. ಏಳನೆಯ ಮನೆಯ ಯಜಮಾನ ಅಶ್ವತ್ಥನಾರಾಯಣನಿಗೆ ಮಾತ್ರ ಬೇಸ್‌ಬಾಲಿನದು. ಹುಚ್ಚು ಹಿಡಿಯುವುದೇ ಆದರೆ ನಾಲ್ಕು ಜನಕ್ಕೆ ಹಿಡಿದದ್ದೇ ಹಿಡಿಯಬಾರದಿತ್ತೇ, ಮಾತಾಡಲಿಕ್ಕಾದರೂ ಜನ ಸಿಗುತ್ತಿದ್ದರಲ್ಲ ಎಂದು ಹೆಂಡತಿ ನಿರುಪಮಾ ಕೊರಗುತ್ತಿದ್ದಳು. 2007ರಲ್ಲಿ ಭಾರತ ಇಪ್ಪತ್ತು ಓವರಿನ ವಿಶ್ವಕಪ್ ಗೆದ್ದಾಗ ಕೆಳಗಿನ ಮಹಡಿಯ ದಿವಾಕರ ಮನೆಮನೆಗೂ ಪೇಡ ಹಂಚಿದ. ಅಶ್ವತ್ಥನಾರಾಯಣ ಪೇಡ ಬಾಯಿಗೆ ಹಾಕಿಕೊಂಡು, ಯಾರ ಮೇಲೆ ಯಾರು ಗೆದ್ದದ್ದು ಎಂದು ಕೇಳಿದನಂತೆ. ದಿವಾಕರ ಆ ಮಾತನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ.

ಈ ನಂಜನಗೂಡಿನ ಮನುಷ್ಯನಿಗೆ ಬೇಸ್‌ಬಾಲ್ ಅಂಟಿದ್ದು ಜಪಾನಿನಲ್ಲಿ. ಮದುವೆಗೆ ಮುಂಚೆ ಕೆಲಸದ ಮೇಲೆ ಎರಡು ವರ್ಷ ಕೋಬೆಯಲ್ಲಿದ್ದ. ಭಾಷೆ ಬಾರದು, ಊಟ ಸೇರದು. ಕೆಳಗಿನ ಮನೆಯ ಮುದುಕರೊಬ್ಬರು ದಿನಾ ಸಂಜೆ ಟಿವಿ ಮುಂದೆ ಕೂರಿಸಿಕೊಂಡು ಬೇಸ್‌ಬಾಲ್ ತೋರಿಸುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ಆಟ ಮಾತ್ರ ತಿಳಿಯುತ್ತಿತ್ತು. ಒಂಟಿತನದಲ್ಲಿ ಕೈಹಿಡಿದದ್ದನ್ನು ಯಾರು ತಾನೇ ಬಿಟ್ಟಾರು? ಹಾಗೆಂದು ಅವನು ಒಂದು ದಿನವೂ ಆಡಿದವನಲ್ಲ. ಚೆಂಡು ಹತ್ತಿರ ಬಂದರೆ ಕಣ್ಣು ಮುಚ್ಚಿಕೊಳ್ಳುವ ಪೈಕಿ.

ಈಗ ಅವನು ತಂಜಾಂಗ್ ಪಗಾರ್‌ನ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ವಿಭಾಗದವನು. ಆದರೆ ಅವನ ನಿಜವಾದ ಕಚೇರಿ ಇದ್ದದ್ದು ಮನೆಯಿಂದ ಮೂರು ಬಸ್ ಸ್ಟಾಪ್ ಆಚೆಗಿನ ಮೈದಾನದಲ್ಲಿ. ಮಕ್ಕಳ ಬೇಸ್‌ಬಾಲ್ ಕ್ಲಬ್ಬೊಂದು ಪ್ರತಿ ಶನಿವಾರ ಬೆಳಿಗ್ಗೆ ಅಲ್ಲಿ ಆಡುತ್ತಿತ್ತು. ಮಗಳು ಆಶ್ರಿತಾ ಆ ತಂಡದಲ್ಲಿದ್ದಳು. ಅಪ್ಪ ಮಡಚುವ ಕುರ್ಚಿ, ಛತ್ರಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡ ಕೋಪಿ ಎಂಬ ಅಲ್ಲಿನ ಕಾಫಿ, ಒಂದು ಉದ್ದನೆಯ ನೋಟ್‌ಬುಕ್ಕು ಹಿಡಿದು ಬೇಲಿಯ ಪಕ್ಕ ಕೂರುತ್ತಿದ್ದ.

ಬೇರೆ ಅಪ್ಪಂದಿರು ಅಂದಿನ ಆಟ ನೋಡುತ್ತಿದ್ದರು. ಇವನು ನೋಡುತ್ತಿದ್ದದ್ದು ಮೂರು ವರ್ಷದ ಮುಂದಿನದನ್ನು. ಇವತ್ತು ಚೆಂಡು ಎಸೆಯಲು ಬಾರದ ಈ ಉದ್ದ ಕೈಯ ಹುಡುಗ ಹದಿನಾಲ್ಕಕ್ಕೆ ಏನಾಗುತ್ತಾನೆ? ಇವತ್ತು ಎಲ್ಲರಿಗಿಂತ ಜೋರಾಗಿ ಹೊಡೆಯುವ ದಪ್ಪ ಹುಡುಗ ಆಗಲೂ ಹೊಡೆಯುತ್ತಾನೋ, ಇಲ್ಲ ಬೇಗ ಬೆಳೆದದ್ದೇ ಅವನ ಬಂಡವಾಳವೋ? ಇಂಥದ್ದನ್ನೆಲ್ಲ ಸಣ್ಣ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದ. ಕೊನೆಯಲ್ಲಿ ಒಂದು ಕಾಲಮ್ಮು. ತಲೆಬರಹ: ‘ಇರ್ತಾರಾ?’ ಅದು ಸಿಂಗಪುರದಲ್ಲಿ ತಂಡ ಕಟ್ಟಲು ಹೊರಟವನಿಗೆ ಮಾತ್ರ ಹೊಳೆಯುವ ಕಾಲಮ್ಮು. ಎಲ್ಲಿ ನೋಡಿದರೂ ಕ್ರೇನುಗಳು ಎದ್ದಿದ್ದ ವರ್ಷಗಳು ಅವು. ಜನ ಕೆಲಸ ಬದಲಿಸುವುದು ಅಂಗಿ ಬದಲಿಸಿದಷ್ಟು ಸಲೀಸಾಗಿತ್ತು. ಹೋದ ವರ್ಷದ ಒಳ್ಳೆಯ ಪಿಚರ್, ಅಂದರೆ ಚೆಂಡೆಸೆಯುವ ಹುಡುಗ, ಅಪ್ಪನ ಜೊತೆ ಶಾಂಘೈಗೆ ಹೋದ. ಇನ್ನೊಬ್ಬಳು ದುಬೈಗೆ. ಹಾಗಾಗಿ ಮಗುವಿನ ತೋಳಿನ ಬಲದ ಜೊತೆ ಅದರ ಅಪ್ಪನ ಕೆಲಸ ಎಲ್ಲಿಯವರೆಗೆ ಎನ್ನುವುದನ್ನೂ ಮೆಲ್ಲಗೆ ವಿಚಾರಿಸಿ ಬರೆದಿಡುತ್ತಿದ್ದ.

ಊರಿನ ಮಕ್ಕಳೆಲ್ಲ ಇಲ್ಲಿರ್ತಾರೋ ಇಲ್ಲವೋ ಅಂತ ಲೆಕ್ಕ ಇಟ್ಟಿದ್ದೀರಿ, ನಾವು ಇರ್ತೀವೋ ಇಲ್ವೋ ಅಂತ ಯಾವಾಗ ಹೇಳ್ತೀರಿ ಎಂದು ನಿರುಪಮಾ ಚುಚ್ಚುತ್ತಿದ್ದಳು. ಅಲ್ಲೇ ಶಾಶ್ವತವಾಗಿ ನೆಲೆಸಲು ಹಾಕಬೇಕಾದ ಪಿಆರ್ ಅರ್ಜಿಯ ಫಾರಂ ಎಂಟು ತಿಂಗಳಿಂದ ಡ್ರಾಯರಿನಲ್ಲಿ ಬಿದ್ದಿತ್ತು. ನೋಡೋಣ ಎನ್ನುವುದು ಅವನ ಕಾಯಂ ಉತ್ತರ.

ಅವನ ಇನ್ನೊಂದು ಗುಣವನ್ನೂ ಇಲ್ಲಿ ಹೇಳಬೇಕು. ಕನ್ನಡದವರ ಹಬ್ಬದ ಊಟಗಳಲ್ಲಿ ಬಡಿಸಲು ಪಂಚೆ ಎತ್ತಿ ಕಟ್ಟುವವನು ಇವನೇ. ಇವನ ಅಪ್ಪ ಪಟ್ಟಾಭಿರಾಮಯ್ಯನವರು ನಂಜನಗೂಡಿನ ಮಠದಲ್ಲಿ ಆರಾಧನೆಯ ದಿನ ನೂರು ಎಲೆಯ ಪಂಕ್ತಿಗೆ ನಿಲ್ಲದೆ ಹಯಗ್ರೀವ ಬಡಿಸಿ ಹೆಸರಾದವರು. ಅವರ ಕಟ್ಟುನಿಟ್ಟು ಒಂದೇ. ಬಡಿಸುವವನ ಕೈ ತನ್ನ ಮಗುವಿನ ಎಲೆಯ ಮುಂದೆ ನಿಲ್ಲಬಾರದು. ಒಂದು ಚಮಚ ಹೆಚ್ಚು ಬಿದ್ದರೂ ಅದು ಪಂಕ್ತಿಭೇದ. ಆ ಭಯಕ್ಕೆ ಅವರು ಮಗನ ಎಲೆಯನ್ನು ದಾಟಿಯೇ ಹೋಗುತ್ತಿದ್ದರು. ಈ ಗುಣ ಮಗನಿಗೂ ಬಂದಿತ್ತು. ಗಣೇಶನ ಹಬ್ಬಕ್ಕೆ ಬ್ಲಾಕಿನ ಬುಡದ ತೆರೆದ ಜಾಗ, ವಾಯ್ಡ್ ಡೆಕ್ಕಿನಲ್ಲಿ ಊಟಕ್ಕೆ ಕೂತಾಗ ಆಶ್ರಿತಾಳ ತಟ್ಟೆ ದಾಟಿ ಮುಂದೆ ಹೋಗುತ್ತಿದ್ದ. ಪಾತ್ರೆ ಖಾಲಿಯಾದರೆ ಅವಳಿಗೆ ಇಲ್ಲ, ಅಷ್ಟೇ. ಅವಳಿಗೆ ಅದು ರೂಢಿಯಾಗಿತ್ತು. ಅಮ್ಮನ ತಟ್ಟೆಯಿಂದ ತೆಗೆದುಕೊಂಡು ತಿನ್ನುತ್ತಿದ್ದಳು.

ಅದೇ 2007ರ ಅಕ್ಟೋಬರಿನ ಮೊದಲ ಶನಿವಾರ ಕೋಚ್ ಟಿಯೋ ಬೇಲಿಯ ಹತ್ತಿರ ಬಂದರು. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. 2010ಕ್ಕೆ ಒಂದು ಗಟ್ಟಿ ತಂಡ ಕಟ್ಟಬೇಕೆಂದು ಕ್ಲಬ್ ತೀರ್ಮಾನಿಸಿತ್ತು. ಹನ್ನೆರಡು ಮಕ್ಕಳನ್ನು ಈಗಲೇ ಆರಿಸಿ ಮೂರು ವರ್ಷ ಒಟ್ಟಿಗೆ ಬೆಳೆಸುವುದು. ಉಳಿದವರು ಭಾನುವಾರದ ಗುಂಪಿನಲ್ಲಿ ಮೋಜಿಗೆ ಆಡಿಕೊಂಡಿರುವುದು. ನೀವು ನಾಲ್ಕು ವರ್ಷದಿಂದ ಪ್ರತಿ ಚೆಂಡನ್ನೂ ಬರೆದುಕೊಂಡಿದ್ದೀರಿ, ತಿಂಗಳ ಕೊನೆಗೆ ನಿಮ್ಮ ಪಟ್ಟಿ ಕೊಡಿ, ಅದನ್ನೇ ಕಮಿಟಿಯ ಮುಂದಿಡುತ್ತೇನೆ ಎಂದು ಕೋಚ್ ಕೇಳಿದರು. ಅಶ್ವತ್ಥನಾರಾಯಣನಿಗೆ ಕೋಪಿ ನೆತ್ತಿಗೇರಿತು. ಬ್ಯಾಂಕಿನಲ್ಲಿ ಬಡ್ತಿ ಬಂದಾಗಲೂ ಅವನಿಗೆ ಇಷ್ಟು ಹಿಗ್ಗಾಗಿರಲಿಲ್ಲ.

ಒಂದು ವಾರ ಎಂಆರ್‌ಟಿ ರೈಲಿನಲ್ಲಿ ನಿಂತೇ ಬರೆದ, ಹೊಡೆದು ಹಾಕಿದ, ಮತ್ತೆ ಬರೆದ. ಉದ್ದ ಕೈಯ ಹುಡುಗ ಒಳಗೆ ಬಂದ. ದಪ್ಪ ಹುಡುಗ ಹೊರಗೆ ಹೋಗಿ, ಅಯ್ಯೋ ಪಾಪ ಅನ್ನಿಸಿಕೊಂಡು ಮತ್ತೆ ಒಳಗೆ ಬಂದ. ಹನ್ನೊಂದು ಹೆಸರು ಕೂತವು. ಉಳಿದದ್ದು ಒಂದೇ ಜಾಗ, ಕ್ಯಾಚರಿನದು. ಬ್ಯಾಟು ಹಿಡಿದವನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಎಸೆದ ಪ್ರತಿಯೊಂದು ಚೆಂಡನ್ನೂ ಹಿಡಿಯಬೇಕಾದವರು ಕ್ಯಾಚರ್. ಆ ಬಿಸಿಲಿನಲ್ಲೂ ಮುಖಕ್ಕೆ ಮುಖವಾಡ, ಎದೆಗೆ ಕವಚ, ಕಾಲಿಗೆ ಪಟ್ಟಿ. ಇಡೀ ಮೈದಾನವನ್ನು ಎದುರಿಗಿಟ್ಟುಕೊಂಡು ನೋಡುವ ಜಾಗ ಅದೊಂದೇ. ಅಲ್ಲಿ ಕೂರು ಎಂದರೆ ಮಕ್ಕಳು ಅಳುತ್ತಾರೆ.

ಅಳದೆ ಕೂರುತ್ತಿದ್ದವಳು ಆಶ್ರಿತಾ. ಹನ್ನೊಂದು ವರ್ಷ, ಕಡ್ಡಿಯಂಥ ಹುಡುಗಿ. ಕವಚ ಹಾಕಿಕೊಂಡರೆ ಕವಚವೇ ನಡೆದು ಬಂದ ಹಾಗೆ ಕಾಣುತ್ತಿದ್ದಳು. ನೆಲಕ್ಕೆ ಬಡಿದು ಬಂದ ಚೆಂಡಿಗೆ ಎದೆ ಕೊಟ್ಟು ಬೀಳಿಸುತ್ತಿದ್ದಳು. ಎರಡು ಸಲ ತಪ್ಪಾಗಿ ಎಸೆದು ಮುಖ ಸಪ್ಪೆಯಾದ ಪಿಚರ್ ಹತ್ತಿರ ನಡೆದು ಹೋಗಿ ಏನೋ ಹೇಳಿ ನಗಿಸಿ ಬರುತ್ತಿದ್ದಳು. ಅವಳಂಥ ಕ್ಯಾಚರ್ ಆ ಕ್ಲಬ್ಬಿನಲ್ಲಿ ಇನ್ನೊಬ್ಬರಿಲ್ಲ ಎನ್ನುವುದನ್ನು ಅವನ ನೋಟ್‌ಬುಕ್ಕಿನ ಪುಟಪುಟವೂ ಹೇಳುತ್ತಿತ್ತು. ಆದರೆ ಹೆಸರು ಬರೆಯಬೇಕಾದ ಕಡೆ ಪೆನ್ನು ನಿಂತಿತು. ಹಂಚುವ ಕೈ ನನ್ನದು, ಎಲೆ ನನ್ನ ಮಗಳದ್ದು. ಅಪ್ಪ ನೋಡಿದ್ದರೆ ಏನಂದಾರು? ಬಹಳ ಹೊತ್ತು ಯೋಚಿಸಿ ‘12. ಕ್ಯಾಚರ್ — ಹುಡುಕಬೇಕು’ ಎಂದು ಬರೆದು ಪುಸ್ತಕ ಮುಚ್ಚಿ ಊಟದ ಮೇಜಿನ ಮೇಲಿಟ್ಟ. ತಾನು ಧರ್ಮದಿಂದ ನಡೆದುಕೊಂಡೆ ಎಂದೇ ಮಹಾಶಯ ನಂಬಿದ್ದ. ಕೋಚ್‌ಗೆ ಕಣ್ಣಿಲ್ಲವೇ, ಅವರೇ ತುಂಬಿಕೊಳ್ಳುತ್ತಾರೆ ಎಂಬ ಆಸೆಯೂ ಒಳಗೊಳಗೇ ಇತ್ತು.

ಮುಂದಿನ ಶನಿವಾರ ಆಟ ಮುಗಿದ ಮೇಲೂ ಆಶ್ರಿತಾ ಬರಲಿಲ್ಲ. ಹುಯಿ ಮಿನ್ ಎಂಬ ಹತ್ತು ವರ್ಷದ ಹುಡುಗಿಯ ಜೊತೆ ಮೂಲೆಯಲ್ಲಿ ಏನೋ ನಡೆಸಿದ್ದಳು. ಸ್ನೇಹ ಇರಬೇಕು ಅಂದುಕೊಂಡ. ಅದರ ಮುಂದಿನ ಶನಿವಾರ ನೋಡುತ್ತಾನೆ, ಆಶ್ರಿತಾಳ ದಪ್ಪ ಗ್ಲೌಸು ಹುಯಿ ಮಿನ್ ಕೈಯಲ್ಲಿದೆ. ಕವಚ ಅವಳ ಎದೆಯ ಮೇಲಿದೆ. ಆಶ್ರಿತಾ ಚೆಂಡನ್ನು ನೆಲಕ್ಕೆ ಬಡಿದು ಎಸೆಯುತ್ತಿದ್ದಾಳೆ, ಆ ಮಗು ಕಣ್ಣು ಮುಚ್ಚಿದರೆ ಹತ್ತಿರ ಹೋಗಿ ಗಲ್ಲ ಎತ್ತಿ ಹಿಡಿದು ಮತ್ತೆ ಎಸೆಯುತ್ತಿದ್ದಾಳೆ. ಆ ಗ್ಲೌಸನ್ನು ಆಶ್ರಿತಾ ಎಣ್ಣೆ ಹಚ್ಚಿ ದಿಂಬಿನ ಕೆಳಗಿಟ್ಟುಕೊಂಡು ಮಲಗುವವಳು. ಯಾರಿಗೂ ಮುಟ್ಟಲು ಕೊಟ್ಟವಳಲ್ಲ.

ಪಟ್ಟಿ ಕೊಡಬೇಕಾದ ಕೊನೆಯ ಶನಿವಾರ, ಆಟದ ನಡುವೆ ಸಿಡಿಲಿನ ಎಚ್ಚರಿಕೆಯ ಸೈರನ್ ಕೂಗಿತು. ಮಕ್ಕಳೆಲ್ಲ ಶೆಡ್ಡಿನ ಕೆಳಗೆ ಓಡಿದರು. ಆಶ್ರಿತಾ ಬಂದು ಅಪ್ಪನ ಪಕ್ಕ ಕೂತು ಮೈಲೋ ಪೊಟ್ಟಣಕ್ಕೆ ಸ್ಟ್ರಾ ಚುಚ್ಚಿದಳು. ಅವನು ತಡೆಯಲಾರದೆ ಕೇಳಿದ.

“ಆ ಹುಡುಗಿಗೆ ಯಾಕೆ ಪುಟ್ಟಿ ನಿನ್ನ ಗ್ಲೌಸ್ ಕೊಟ್ಟೆ?”

“ನೀನೇ ಬರ್ದಿದ್ಯಲ್ಲಪ್ಪ, ಕ್ಯಾಚರ್ ಹುಡುಕಬೇಕು ಅಂತ. ಸೋ ಐ ಫೈಂಡ್ ಫಾರ್ ಯೂ ಲಾ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಹುಯಿ ಮಿನ್ ಓಕೆ. ಕಣ್ಣು ಮುಚ್ತಾಳೆ, ಬಟ್ ಅದು ಸರಿ ಹೋಗತ್ತೆ. ಅವಳ ಅಪ್ಪ ಇಲ್ಲೇ ಬಸ್ ಓಡಿಸ್ತಾರೆ, ಎಲ್ಲೂ ಹೋಗಲ್ಲ. ಕೇಳಿದೀನಿ.”

ಕೊನೆಯ ಕಾಲಮ್ಮನ್ನೂ ಮಗು ಬಿಟ್ಟಿರಲಿಲ್ಲ. ತಾನು ಚೆನ್ನಾಗಿ ಆಡುವುದಿಲ್ಲವೆಂದೇ ಅಪ್ಪ ಬಿಟ್ಟಿದ್ದಾನೆ ಅಂದುಕೊಂಡು, ಅತ್ತು ರಂಪ ಮಾಡದೆ, ಅಪ್ಪನ ತಂಡ ನಿಲ್ಲಬೇಕೆಂದು ತನ್ನ ಜಾಗಕ್ಕೆ ತಾನೇ ಇನ್ನೊಬ್ಬಳನ್ನು ತಯಾರು ಮಾಡುತ್ತಿದ್ದಳು.

ಅವನು ತಡವರಿಸುತ್ತ ಹೇಳಿದ. ನೀನು ಚೆನ್ನಾಗಿ ಆಡದೆ ಅಲ್ಲ. ತಾತನ ಪಂಕ್ತಿ, ನೂರು ಎಲೆ, ಹಯಗ್ರೀವ, ಮಗನ ಎಲೆ ದಾಟಿ ಹೋಗುತ್ತಿದ್ದದ್ದು, ಎಲ್ಲವನ್ನೂ ಹೇಳಿದ. ಮೋಡ ಗುಡುಗುತ್ತಿತ್ತು. ಆಶ್ರಿತಾ ಸ್ಟ್ರಾ ಕಚ್ಚುತ್ತ ಪೂರ್ತಿ ಕೇಳಿದಳು. ಅವಳಿಗೆ ಒಂದೇ ಒಂದು ಅನುಮಾನ ಉಳಿಯಿತು.

“ಹಂಗಾದ್ರೆ ನಿಂಗೆ ಹಯಗ್ರೀವ ಯಾವತ್ತೂ ಸಿಗ್ತಾನೇ ಇರಲಿಲ್ವಾ ಅಪ್ಪ?”

“ಸಿಗ್ತಿತ್ತು. ಕಿಟ್ಟಿ ಚಿಕ್ಕಪ್ಪ ಹಿಂದೇನೇ ಇನ್ನೊಂದು ಪಾತ್ರೆ ಹಿಡ್ಕೊಂಡು ಬರ್ತಿದ್ರು. ಅವರು ಹಾಕ್ತಿದ್ರು.”

ಹೇಳಿದ ಮಾತು ಅವನ ಕಿವಿಗೇ ಆಗ ಬಿತ್ತು. ನಲವತ್ತು ವರ್ಷ ನೆನಪಿಟ್ಟುಕೊಂಡದ್ದು ಅಪ್ಪ ದಾಟಿ ಹೋದದ್ದನ್ನು ಮಾತ್ರ. ಅಪ್ಪ ಧೈರ್ಯವಾಗಿ ದಾಟುತ್ತಿದ್ದದ್ದು ಹಿಂದೆ ತಮ್ಮ ಬರುತ್ತಾನೆ ಎಂದು ಗೊತ್ತಿದ್ದರಿಂದ. ಅಣ್ಣ ತಪ್ಪಿಸಿದ ಎಲೆ ಯಾವುದೆಂದು ಕಿಟ್ಟಿ ಚಿಕ್ಕಪ್ಪನಿಗೆ ಗೊತ್ತಿರುತ್ತಿತ್ತು. ಬಗ್ಗಿ, ಕಣ್ಣು ಮಿಟುಕಿಸಿ, ಬಿಸಿ ಹಯಗ್ರೀವದ ಮೇಲೆ ಅರ್ಧ ಚಮಚ ತುಪ್ಪವನ್ನೂ ಬಿಡುತ್ತಿದ್ದರು. ಅದು ಪಂಕ್ತಿಭೇದವೇ ಆಗಿದ್ದರೂ ಅಪ್ಪ ನೋಡದ ಹಾಗೆ ಮುಂದೆ ಹೋಗಿರುತ್ತಿದ್ದರು. ಇಲ್ಲಿ ಈ ಮಗುವಿಗೆ ಚಿಕ್ಕಪ್ಪ ಎಲ್ಲಿಂದ ಬರಬೇಕು? ಈ ಊರಿನಲ್ಲಿ ಅವನ ಹಿಂದೆ ಪಾತ್ರೆ ಹಿಡಿದು ಬರುವವರು ಯಾರೂ ಇರಲಿಲ್ಲ. ಅವನು ದಾಟಿದರೆ ಆ ಎಲೆ ಖಾಲಿಯೇ. ಎಷ್ಟು ಹಬ್ಬಗಳಲ್ಲಿ ದಾಟಿದೆನೋ ಎಂದುಕೊಂಡ.

ನೋಟ್‌ಬುಕ್ಕು ತೆರೆದು ‘ಹುಡುಕಬೇಕು’ ಎನ್ನುವುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಆಶ್ರಿತಾ ಎಂದು ದಪ್ಪಗೆ ಬರೆದ. ಅವಳು ಕತ್ತು ಚಾಚಿ ನೋಡಿದಳು. ಹುಯಿ ಮಿನ್‌ಗೆ ಆಸೆ ತೋರಿಸಿಯಾಗಿದೆ, ಈಗ ಬಿಡುವುದು ಸರಿಯಲ್ಲ, ಹದಿಮೂರನೆಯದಾಗಿ ಅವಳನ್ನೂ ಬರಿ, ಎರಡನೇ ಕ್ಯಾಚರ್ ಬೇಕೇ ಬೇಕಾಗುತ್ತದೆ ಎಂದಳು. ಹೌದಲ್ಲ, ನಾಲ್ಕು ವರ್ಷ ಬರೆದ ತನಗೆ ಇದು ಹೊಳೆಯಲಿಲ್ಲವಲ್ಲ ಎಂದುಕೊಂಡು ಅವನು ಹುಯಿ ಮಿನ್ ಹೆಸರನ್ನೂ ಬರೆದ. ಆಮೇಲೆ ಆಶ್ರಿತಾಳ ಬೆರಳು ಕೊನೆಯ ಕಾಲಮ್ಮಿಗೆ ಬಂದು ನಿಂತಿತು. ಅವಳ ಹೆಸರಿನ ಮುಂದೆ ಅದು ಖಾಲಿ ಇತ್ತು.

ಅವನು ಒಂದು ಕ್ಷಣ ಮೈದಾನದ ಆಚೆಯ ಕ್ರೇನುಗಳ ಕಡೆ ನೋಡಿದ. ಆಮೇಲೆ ಬರೆದ: ‘ಇರ್ತಾಳೆ.’

“ಅಮ್ಮನ್ನ ಕೇಳಲ್ವಾ ಅಪ್ಪ?”

“ಅಮ್ಮ ಎಂಟು ತಿಂಗಳಿಂದ ನನ್ನನ್ನ ಕೇಳ್ತಿದಾಳೆ ಕಣೇ.”

ಅಪಾಯ ಕಳೆಯಿತೆಂದು ಸೈರನ್ ಮತ್ತೆ ಕೂಗಿತು. ಕೋಚ್ ಟಿಯೋ ಪಟ್ಟಿ ಕೇಳಲು ಬಂದರು. ಹಾಳೆ ಹರಿದು ಕೈಗಿಟ್ಟು ಸುಮ್ಮನಾಗಬಹುದಿತ್ತು. ಆದರೆ ಅಶ್ವತ್ಥನಾರಾಯಣ ಎದ್ದು ನಿಂತ. ಅವರ ಮನೆತನದಲ್ಲಿ ಯಾರೂ ತಮ್ಮ ಮಕ್ಕಳ ಬಗ್ಗೆ ಹೊರಗಿನವರ ಮುಂದೆ ಆಡದ ಮಾತನ್ನು, ಶೆಡ್ಡಿನಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಆಡಿದ: ಈ ಕ್ಲಬ್ಬಿನಲ್ಲಿ ನನ್ನ ಮಗಳಿಗಿಂತ ಒಳ್ಳೆಯ ಕ್ಯಾಚರ್ ಇಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅವನ ಕಿವಿ ಕೆಂಪಾಗಿತ್ತು. ಕೋಚ್ ಕನ್ನಡಕ ಏರಿಸಿ ಹದಿಮೂರು ಹೆಸರನ್ನೂ ಓದಿ, ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ನಿಜ, ಇನ್ನೊಬ್ಬರಿಲ್ಲ ಎಂದು ಒಪ್ಪಿ ತಲೆಯಾಡಿಸಿದರು.

ಆಶ್ರಿತಾ ಅಪ್ಪನ ಕಡೆ ನೋಡಲಿಲ್ಲ. ತಲೆ ತಗ್ಗಿಸಿಕೊಂಡು ಕಾಲಿನ ಪಟ್ಟಿ ಬಿಗಿಯುತ್ತಿದ್ದಳು. ಬಿಗಿದಾದ ಮೇಲೆ ಬಿಚ್ಚಿ, ಮತ್ತೆ ಮೊದಲಿನಿಂದ ಬಿಗಿಯುತ್ತಿದ್ದಳು.