ಪೆಟ್ರೋಲ್ ತಗೋ ಎಂದ ಡೀಸೆಲ್ ಮೇಸ್ತ್ರಿ

ಕಳೆದ ವಾರ ನನ್ನ ಹಳೆಯ ಡೀಸೆಲ್ ಪಿಕಪ್ ಮಾರುವ ಮುನ್ನ, ಏನಾದರೂ ಉಳಿದಿದೆಯೇ ಎಂದು ಸೀಟಿನ ಹಿಂದೆ ಕೈಹಾಕಿ ತಡಕಾಡಿದೆ. ನೀರಿನ ಕ್ಯಾನಿನ ಎರಡು ಮುಚ್ಚಳ, ಒಂದು ಬಾಚಣಿಕೆ, ಅವುಗಳ ಕೆಳಗೆ ಮುದುಡಿ ಬಿದ್ದಿದ್ದ ಹಳೆಯ ಬನಿಯನ್ ಬಟ್ಟೆಯ ತುಂಡು. ಬಟ್ಟೆಗೆ ಡೀಸೆಲ್ ವಾಸನೆ. ಅದರೊಳಗೆ ತೆಳ್ಳಗೆ ತಂಬಾಕಿನ ವಾಸನೆಯೂ ಇತ್ತು. ನಮ್ಮ ಮನೆಯಲ್ಲಿ ಯಾರೂ ತಂಬಾಕು ತಿನ್ನುವುದಿಲ್ಲ. ಅದು ಮೇಸ್ತ್ರಿಯ ಬಟ್ಟೆ...

ಹೊಸಪೇಟೆಯಲ್ಲಿ ಸಂಡೂರು ರಸ್ತೆಗೆ ಅವರ ಅಂಗಡಿ ಇತ್ತು. ತಗಡಿನ ಮಾಡು, ಮುಂದೆ ಒಂದು ಬೇವಿನ ಮರ. ಅದಿರು ಲಾರಿಗಳು ಹಗಲೆಲ್ಲ ಸಾಲುಗಟ್ಟಿ ಓಡುತ್ತಿದ್ದ ಕಾಲದಲ್ಲಿ ಡೀಸೆಲ್ ಎಂಜಿನ್ ಎಂದರೆ ಅವರೇ. ಲಾರಿ ರಸ್ತೆಯಿಂದ ಅಂಗಡಿಗೆ ತಿರುಗುವಷ್ಟರಲ್ಲಿ ಸಪ್ಪಳ ಕೇಳಿ ರೋಗ ಹೇಳುತ್ತಿದ್ದರು ಎಂದು ನಮ್ಮಣ್ಣ ಹೇಳುತ್ತಿದ್ದ. ಅವನೂ ಆಗ ಲಾರಿ ಓಡಿಸುತ್ತಿದ್ದ. ಗಣಿ ಕೆಲಸ ಇಳಿದ ಮೇಲೆ ಲಾರಿಗಳು ಕಡಿಮೆಯಾದವು, ಮೇಸ್ತ್ರಿ ಉಳಿದರು. ಕಮಲಾಪುರದಲ್ಲಿ ನನ್ನದೊಂದು ಕುಡಿಯುವ ನೀರಿನ ಘಟಕವಿದೆ. ವಾರಕ್ಕೆರಡು ಸಲ ಅವರ ಅಂಗಡಿಗೂ ಕ್ಯಾನು ಹಾಕುತ್ತಿದ್ದೆ. ಪರಿಚಯವೆಂದರೆ ಅಷ್ಟೇ.

ಮೂರು ಗಾಲಿಯ ಲಗೇಜ್ ಆಟೋ ಸಾಲದಾಗಿ ಪಿಕಪ್ ತೆಗೆದುಕೊಳ್ಳಬೇಕೆಂದಾಗ ಅಣ್ಣನನ್ನು ಕರೆದುಕೊಂಡು ಅವರ ಬಳಿ ಹೋದೆ. ಡೀಸೆಲ್ಲೋ ಪೆಟ್ರೋಲೋ ಎಂದು ಕೇಳಬೇಕಿತ್ತು. ಅವರು ಏನನ್ನುತ್ತಾರೆ ಎಂಬುದರಲ್ಲಿ ನಮ್ಮಿಬ್ಬರಿಗೂ ಅನುಮಾನವಿರಲಿಲ್ಲ. ನಾನು ಪಕ್ಕದಲ್ಲಿ ನಿಂತು ಮಾತು ತೆಗೆದೆ.

"ಎದುರಿಗೆ ಬಂದು ಮಾತಾಡಮ್ಮ" ಎಂದರು. ಅದು ಅವರ ರೂಢಿ. ಯಾರೇ ಬಂದರೂ ಬೆಳಕಿಗೆ ಮುಖಮಾಡಿ ನಿಲ್ಲಿಸಿಯೇ ಮಾತಾಡುತ್ತಿದ್ದರು. ದೊಡ್ಡ ಮೇಸ್ತ್ರಿಯ ಗತ್ತು ಎಂದುಕೊಂಡಿದ್ದೆ.

ನಾನು ಎದುರು ನಿಂತು ಹೇಳಿದೆ. ಅವರು ಲೋಡು ಕೇಳಲಿಲ್ಲ, ಮೈಲೇಜು ಕೇಳಲಿಲ್ಲ. "ದಿನಕ್ಕ ಎಷ್ಟು ಸಲ ಗಾಡಿ ಬಂದ್ ಮಾಡ್ತಿ?" ಎಂದು ಕೇಳಿದರು.

"ಹಂಪಿ ಬಜಾರ್ ಕಡೆ ಹೋಟ್ಲು, ಕಮಲಾಪುರದ ಲಾಡ್ಜು, ಮಲಪನಗುಡಿ ಮನಿಗೋಳು... ಮೂವತ್ತು ಕಡೆ ನಿಲ್ಲಸ್ತೀನ್ರಿ."

"ಹಂಗಾದ್ರ ಪೆಟ್ರೋಲ್ ತಗೋ."

ಅಣ್ಣ ನಕ್ಕ. "ನೀವ ಹಿಂಗಂದ್ರ ಹೆಂಗ್ರಿ ಮೇಸ್ತ್ರಿ? ನೀರು ಹೊರೋ ಗಾಡಿ. ಪೆಟ್ರೋಲ್ ಏನು ಎಳಿತೈತಿ?"

"ನನ್ನ ಹೊಟ್ಟಿಪಾಡು ಡೀಸೆಲ್ಲಿಂದು, ಖರೇ. ಆಕಿ ಕೆಲ್ಸ ಬ್ಯಾರೆ" ಎಂದರು. ಆಮೇಲೆ ನನ್ನತ್ತ ತಿರುಗಿ ಬಿಡಿಸಿ ಹೇಳಿದರು. "ಈಗಿನ ಡೀಸೆಲ್ ಗಾಡಿಗೆ ಸೈಲೆನ್ಸರ್ ಹತ್ರ ಒಂದು ಫಿಲ್ಟರ್ ಇರತೈತಿ. ಹೊಗಿ ಮಸಿ ಎಲ್ಲ ಅದರಾಗ ಕೂಡತೈತಿ. ಗಾಡಿ ದೂರ ಓಡಿ ಚಲೋ ಕಾದ್ರ ಮಸಿ ತಾನ ಸುಟ್ಟು ಹೋಗತೈತಿ. ನೀನು ಕಾಯೂದ್ರೊಳಗ ಬಂದ್ ಮಾಡ್ತಿ. ಕಟ್ಕೊಂಡು ಬಿಡತೈತಿ."

ದಾರಿಯುದ್ದಕ್ಕೂ ಅಣ್ಣ ಗೊಣಗಿದ. ಮೇಸ್ತ್ರಿಗೆ ವಯಸ್ಸಾಯಿತು, ಹೊಸ ಎಂಜಿನ್ ಅವರ ಕೈಗೆ ಬಗ್ಗುವುದಿಲ್ಲ, ಅದಕ್ಕೇ ಹೀಗನ್ನುತ್ತಾರೆ ಎಂದ. ನಾನು ಅಣ್ಣನ ಮಾತು ಕೇಳಿ ಡೀಸೆಲ್ ಕೊಂಡೆ.

ಐದನೇ ತಿಂಗಳಿಗೆ ಮೀಟರಿನ ಪಕ್ಕ ಫಿಲ್ಟರ್ ಕಟ್ಟಿದೆ ಎನ್ನುವ ಹಳದಿ ದೀಪ ಹತ್ತಿತು. ಕಂಪನಿಯ ಸರ್ವಿಸಿನಲ್ಲಿ ಮಸಿ ತೆಗೆಸಿದೆ, ದೀಪ ಮತ್ತೆ ಹತ್ತಿತು. ಗಾಡಿ ಎಳೆಯುವುದೂ ಕಡಿಮೆಯಾಯಿತು. ಬೇಸಿಗೆಯಲ್ಲಿ ಎರಡು ದಿನ ನೀರು ಕೊಡಲಾಗದೆ ನಾಲ್ಕು ಲಾಡ್ಜು ಕೈಬಿಟ್ಟುಹೋದವು. ನಾಚಿಕೆಯಿಂದ ಮೇಸ್ತ್ರಿಯ ಅಂಗಡಿಗೆ ಬೇರೆಯವರ ಕೈಯಲ್ಲಿ ಕ್ಯಾನು ಕಳಿಸುತ್ತಿದ್ದೆ. ಕೊನೆಗೆ ಬೇರೆ ದಾರಿ ಕಾಣದೆ ನಾನೇ ಹೋದೆ. ಅವರು ಹಳೆಯ ಮಾತು ಎತ್ತಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಊರಿ ಒಂದು ನಿಮಿಷ ನಿಂತರು. "ನಡಿ, ಸಂಡೂರಿಗೆ ಹೋಗಿ ಬರೋಣು" ಎಂದು ಹತ್ತಿ ಕುಳಿತರು.

ನಾನು ಓಡಿಸಿದೆ. ಗುಡ್ಡ ಏರತೊಡಗಿದಾಗ ಎಂಜಿನ್ನಿನಿಂದ ಸೀಟಿ ಊದಿದಂಥ ಸಪ್ಪಳ ಬಂತು. ಆಕ್ಸಿಲರೇಟರ್ ಒತ್ತಿದಷ್ಟೂ ಜೋರಾಗುತ್ತಿತ್ತು. ಮೇಸ್ತ್ರಿ ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟುಕೊಂಡು ಮುಂದೆ ನೋಡುತ್ತಿದ್ದರು. ಅವರಿಗೆ ಗೊತ್ತಾಗಿಯೇ ಇರುತ್ತದೆ ಎಂದು ಸುಮ್ಮನಿದ್ದೆ. ಗುಡ್ಡದ ಮೇಲೆ ಗಾಡಿ ನಿಲ್ಲಿಸಲು ಹೇಳಿ, "ಎಂಜಿನ್ ಶುದ್ಧ ಐತಿ. ಆದ್ರ ಎಳ್ಯಾಕ ಯಾಕ ಕಷ್ಟಪಡತೈತೊ ತಿಳಿವಲ್ದು" ಎಂದರು.

"ಆ ಸೀಟಿ ಸಪ್ಪಳ ಏನ್ರಿ ಮೇಸ್ತ್ರಿ?"

ಅವರು ನನ್ನ ಬಾಯಿಯನ್ನೇ ನೋಡಿದರು.

"ಎಲ್ಲಿಂದ ಬರಾಕ ಹತ್ತೈತಿ?"

"ಗುಡ್ಡ ಏರೋ ಮುಂದ ಶುರುವಾತು. ನಿಮಗ ಕೇಳ್ಸಲಿಲ್ಲೇನು?"

"ಇಲ್ಲಮ್ಮ" ಎಂದರು. "ಎರಡು ವರ್ಷಾತು. ಮಂದಿ ಮಾತು ಬಾಯಿ ನೋಡಿ ತಿಳ್ಕೋತೀನಿ. ಎಂಜಿನ್ನಿಗೆ ಬಾಯಿ ಇಲ್ಲಲ್ಲ."

ಆ ಮಾತಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರು ಕೆಳಗಿಳಿದು ಬಾನೆಟ್ ಎತ್ತಿದರು. ಗಾಡಿ ಚಾಲೂ ಇಟ್ಟು, ಒಂದೊಂದೇ ಪೈಪನ್ನು ಕೈಯಿಂದ ಒತ್ತಿ ನನ್ನ ಮುಖ ನೋಡುತ್ತಿದ್ದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದೆ. ನಾಲ್ಕನೆಯದನ್ನು ಒತ್ತಿದಾಗ ಸೀಟಿ ನಿಂತಿತು. ಟರ್ಬೋದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪಿನ ಅಡಿಯಲ್ಲಿ ಕೂದಲೆಳೆಯಂಥ ಸೀಳು. ಗಾಳಿ ಸೋರಿ ಮಸಿ ಹೆಚ್ಚಾಗಿ, ಫಿಲ್ಟರ್ ಇನ್ನೂ ಬೇಗ ಕಟ್ಟುತ್ತಿತ್ತು. ಮೇಸ್ತ್ರಿಯ ಕೈ ಒರೆಸುವ ಬನಿಯನ್ ಬಟ್ಟೆ ಸುತ್ತಿ, ಮೇಲೆ ತಂತಿ ಬಿಗಿದು ಊರಿಗೆ ಬಂದೆವು.

ಇಳಿಯುವಾಗ, "ಯಾರಿಗೂ ಅನಬ್ಯಾಡ. ಅಂದ್ರ ಅಂಗಡಿ ಮುಚ್ಚಬೇಕಾಗತೈತಿ" ಎಂದರು. ಆಗಲಿ ಎಂದು ಮಾತು ಕೊಟ್ಟೆ.

ಪೈಪ್ ಬದಲಾಯಿಸಿದರು. ವಾರಕ್ಕೊಮ್ಮೆ ಸಂಡೂರಿಗೆ ಒಂದು ಲೋಡು ಹಾಕಿ ಗಾಡಿ ಕಾಯಿಸಿಕೊಂಡು ಬಾ ಎಂದು, ತಮಗೆ ಗೊತ್ತಿದ್ದ ಒಂದು ಕ್ಯಾಂಟೀನಿಗೆ ಹೇಳಿ ನೀರು ಹಾಕುವ ಕೆಲಸವನ್ನೂ ಕೊಡಿಸಿದರು. ಗಾಡಿ ಬದಲಿಸಲು ಆಗದಿದ್ದರೆ ಅದಕ್ಕೆ ತಕ್ಕ ದಾರಿ ಹುಡುಕಬೇಕು ಎಂಬುದು ಅವರ ಲೆಕ್ಕ.

ಅಂದಿನಿಂದ ಕ್ಯಾನು ಇಳಿಸಲು ಹೋದಾಗಲೆಲ್ಲ ಒಂದು ಕೆಲಸ ಕಾದಿರುತ್ತಿತ್ತು. ಗಿರಾಕಿಯನ್ನು ಚಹಾಕ್ಕೆ ಕಳಿಸಿ, "ಹೆಂಗ ಕೇಳ್ತೈತಿ?" ಎಂದು ಮೆಲ್ಲಗೆ ಕೇಳುತ್ತಿದ್ದರು. ನನಗೆ ಎಂಜಿನ್ನಿನ ಭಾಷೆ ಬಾರದು. ಮೊರದಲ್ಲಿ ಅಕ್ಕಿ ಕೇರಿದ ಹಾಗೆ, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ, ಒಣ ರೊಟ್ಟಿ ಮುರಿದ ಹಾಗೆ ಎನ್ನುತ್ತಿದ್ದೆ. ಅವರು ಕಣ್ಣುಮುಚ್ಚಿ ತಲೆಯಾಡಿಸಿ, ಸ್ಪ್ಯಾನರ್ ಎತ್ತಿಕೊಳ್ಳುತ್ತಿದ್ದರು. ಒಂದೆರಡು ಸಲ ತಪ್ಪಿತು. ಉಳಿದದ್ದು ಸರಿಯಾಯಿತು. ನೀರಿನವಳು ಯಾಕೆ ಇಷ್ಟು ಹೊತ್ತು ನಿಲ್ಲುತ್ತಾಳೆ ಎಂದು ಯಾರೂ ಕೇಳಲಿಲ್ಲ. ಹೀಗೆ ಮೂರು ವರ್ಷ ನಡೆಯಿತು.

ಹೋದ ವರ್ಷ ಒಂದು ದಿನ ಕ್ಯಾನು ತೆಗೆದುಕೊಂಡು ಹೋದರೆ ಬಾಗಿಲು ಹಾಕಿತ್ತು. ಕಂಪ್ಲಿಯಲ್ಲಿ ಮಗಳ ಮನೆಗೆ ಹೋದರಂತೆ. ಅವರಿಗೊಬ್ಬ ಮಗಳಿದ್ದಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ. ಒಮ್ಮೆ ಹೋಗಿ ಮಾತಾಡಿಸಬೇಕು ಎಂದುಕೊಂಡೇ ದಿನ ಕಳೆದೆ. ಎದೆನೋವು ಬಂದು ತೀರಿಹೋದರು ಎಂದು ಅಣ್ಣ ಹೇಳಿದ. ಮಗಳ ಮನೆಯಲ್ಲಿ ಅವರು ಇದ್ದದ್ದು ಇಪ್ಪತ್ತೇ ದಿನ.

ಕಂಪ್ಲಿಗೆ ಹೋದೆ. ಮಗಳು ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಮಜ್ಜಿಗೆ ತಂದುಕೊಟ್ಟು ಕುಳಿತಳು. ನಾನು ಮೇಸ್ತ್ರಿಗೆ ಏನಾಗಬೇಕು ಎಂದು ಆಕೆ ಕೇಳಲಿಲ್ಲ. ಹೇಳಿಕೊಳ್ಳಲು ಹೊರಗಿನವರೊಬ್ಬರು ಬೇಕಾಗಿತ್ತೋ ಏನೋ...

"ನನ್ನ ಮನಸಿಗೆ ಬಂದವನ್ನ ಮದುವಿ ಆದೆನ್ರಿ. ಎಂಟು ವರ್ಷ ಮಾತಿರಲಿಲ್ಲ. ಅಂಗಡಿ ಮುಚ್ಚಿ ತಾವಾಗೆ ಬಂದ್ರು, ಸಿಟ್ಟು ಇಳಿದೈತಿ ಅನ್ಕೊಂಡೆ. ಬಂದ ಮರುದಿನ ಹಿತ್ತಲದಾಗ ಕುಂತಿದ್ರು. ಮುಖ ನೋಡಿ ಅನ್ನಾಕ ಧೈರ್ಯ ಸಾಲ್ದೆ ಹಿಂದ ನಿಂತು, ನಂದು ತಪ್ಪಾತು ಅಪ್ಪಾ ಅಂದೆ. ತಿರುಗಿ ಸೈತ ನೋಡ್ಲಿಲ್ರಿ. ಆಮ್ಯಾಲೆ ಊಟ ಇಡೋದು, ಎದ್ದು ಬರೋದು, ಅಷ್ಟ. ನಾನೂ ಮತ್ತ ಮಾತು ತೆಗೀಲಿಲ್ಲ."

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ.

"ಸಿಟ್ಟಲ್ಲವ್ವ. ಅವ್ರಿಗೆ ಕಿವಿ ಕೇಳ್ತಿರಲಿಲ್ಲ."

"ಯಾವಾಗಿಂದ?"

"ಐದು ವರ್ಷಾತು. ಎದುರಿಗೆ ನಿಂತವ್ರ ಬಾಯಿ ನೋಡಿ ಮಾತು ತಿಳ್ಕೋತಿದ್ರು."

ಆಕೆ ಎದ್ದು ಹಿತ್ತಲ ಬಾಗಿಲಿಗೆ ಹೋಗಿ ನಿಂತಳು. ತಿರುಗಿ ಬಂದಾಗ ಅಳುತ್ತಿರಲಿಲ್ಲ. "ಸಿಟ್ಟಿರಲಿಲ್ಲ ಅಂದಂಗಾತು. ಆದ್ರ ನಾ ಅಂದದ್ದೂ ಅವ್ರಿಗೆ ಮುಟ್ಟಲಿಲ್ಲ" ಎಂದಳು.

ಈಗ ಆ ಪಿಕಪ್ಪನ್ನು ಸಂಡೂರಿನವರೊಬ್ಬರಿಗೆ ಕೊಟ್ಟೆ. ಅವರದು ದೂರದ ಓಡಾಟ, ಗಾಡಿಗೆ ಒಗ್ಗುತ್ತದೆ. ನಾನು ಪೆಟ್ರೋಲಿನದು ತೆಗೆದುಕೊಂಡಿದ್ದೇನೆ. ಅಣ್ಣ ಈ ಸಲ ಬಾಯಿ ಹಾಕಲಿಲ್ಲ. ಮೇಸ್ತ್ರಿಯ ಅಂಗಡಿಯಲ್ಲಿ ಈಗ ಟೈಲ್ಸ್ ಮಾರುತ್ತಾರೆ, ಅವರಿಗೂ ವಾರಕ್ಕೆರಡು ಕ್ಯಾನು ಹೋಗುತ್ತದೆ. ಇಳಿಸಿ, ಖಾಲಿ ಕ್ಯಾನು ಎತ್ತಿಕೊಂಡು ಬಂದುಬಿಡುತ್ತೇನೆ, ನಿಲ್ಲುವುದಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಕೊಟ್ಟ ಮಾತನ್ನು ಮೇಸ್ತ್ರಿ ಬದುಕಿರುವವರೆಗೆ ಉಳಿಸಿಕೊಂಡೆ. ಅಂಗಡಿ ಮುಚ್ಚಿದ ದಿನವೇ ಆ ಮಾತಿನ ಕೆಲಸ ಮುಗಿದಿತ್ತು ಎಂದು ನನಗೆ ಹೊಳೆಯಲಿಲ್ಲ. ಆ ವಾರವೇ ಕಂಪ್ಲಿಗೆ ಹೋಗಿದ್ದರೆ, ಎದುರಿಗೆ ನಿಂತು ಮಾತಾಡವ್ವ ಎಂದು ಅವರ ಮಗಳಿಗೆ ಹೇಳಬಹುದಿತ್ತು.