ಗೋರಿಯ ಮುಖಕ್ಕೆ ತಂಪು ಕನ್ನಡಕ

ನನ್ನ ಚಿಕ್ಕಪ್ಪನ ಮಗ ಸಿಡ್ನಿಯ ಟೂಂಗಾಬಿಯಲ್ಲಿ ಮನೆ ಕೊಂಡು ಗೃಹಪ್ರವೇಶಕ್ಕೆ ಕರೆದಾಗ ನಾನು ಮೆಲ್ಬರ್ನ್‌ನಿಂದ ಖುಷಿಯಾಗಿಯೇ ಹೋಗಿದ್ದೆ. ಬೆಳಿಗ್ಗೆ ಹೋಮ, ಮಧ್ಯಾಹ್ನ ಊಟ, ಸಂಜೆ ಅವನ ಆಫೀಸಿನವರಿಗೆ ಪಾರ್ಟಿ. ಆ ಸಂಜೆ ಬಾಟಲಿ, ಗ್ಲಾಸು ಜೋಡಿಸಿದ್ದ ಕೌಂಟರಿನ ಮೇಲೆ ಒಂದು ಕಲ್ಲಿನ ತಲೆ ಕಂಡಿತು. ಯಾರೋ ಅದಕ್ಕೆ ತಂಪು ಕನ್ನಡಕ ಹಾಕಿ, ನೆತ್ತಿಯ ಮೇಲೆ ಕಾಗದದ ಟೋಪಿ ಇಟ್ಟಿದ್ದರು. ಬಂದವರೆಲ್ಲ "ಬಾಸ್, ಬಾಸ್" ಎನ್ನುತ್ತ ಅದರ ಕುತ್ತಿಗೆ ತಬ್ಬಿ ಫೋಟೊ ತೆಗೆಸಿಕೊಳ್ಳುತ್ತಿದ್ದರು.

ನಾನು ಕನ್ನಡಕ ತೆಗೆದೆ. ಮೇಣದಂಥ ನಸುಹಳದಿ ಕಲ್ಲು, ನೀಳ ಮೂಗು, ಕಂಬದಂಥ ಕುತ್ತಿಗೆ, ಸಪಾಟಾಗಿ ಕತ್ತರಿಸಿದ ನೆತ್ತಿ. ಕಣ್ಣುಗಳ ಜಾಗದಲ್ಲಿ ಬರೀ ಗುಳಿ. ಬುಡದಲ್ಲಿ ಕಡ್ಡಿ ಜೋಡಿಸಿಟ್ಟಂಥ ಅಕ್ಷರಗಳು. ಇಂಥ ಮುಖಗಳನ್ನು ನಾನು ಹಿಂದೆ ನೋಡಿದ್ದೆ.

ಆಸ್ಟ್ರೇಲಿಯಾಕ್ಕೆ ಬರುವ ಮುಂಚೆ ನಾನು ಯೆಮೆನ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ದಾವಣಗೆರೆ ಬಿಟ್ಟು ನಾನು ಹೋದ ಮೊದಲ ಪರದೇಶ ಅದು. ಅಲ್ಲಿ ನನ್ನ ಆರೈಕೆಯಲ್ಲಿದ್ದ ಮುದುಕಿಯೊಬ್ಬಳ ಮಗಳು, ಶಾಲೆಯ ಟೀಚರ್, ಒಂದು ರಜೆಯ ದಿನ ನನ್ನನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದಳು. ಗೋಡೆಯುದ್ದಕ್ಕೂ ಇಂಥವೇ ತಲೆಗಳು. ಇಸ್ಲಾಂ ಬರುವುದಕ್ಕೂ ಬಹಳ ಹಿಂದೆ, ಸತ್ತವರ ಮುಖವನ್ನು ಹೀಗೆ ಕೆತ್ತಿ, ಕಲ್ಲಿನ ಗೂಡಿನಲ್ಲಿ ಗಾರೆ ಹಾಕಿ ಕೂರಿಸಿ ಗೋರಿಯಲ್ಲಿಡುತ್ತಿದ್ದರಂತೆ. ಕಣ್ಣಿನ ಗುಳಿಗೆ ಬೇರೆ ಬಣ್ಣದ ಕಲ್ಲನ್ನೋ ಚಿಪ್ಪನ್ನೋ ಕೂರಿಸುತ್ತಿದ್ದರಂತೆ. ಗುಡಿಗಳಲ್ಲಿ ಇಡುತ್ತಿದ್ದದ್ದು ಬೇರೆ: ಬದುಕಿರುವವರು ತಮ್ಮದೇ ಪ್ರತಿಮೆ ಮಾಡಿಸಿ ದೇವರಿಗೆ ಒಪ್ಪಿಸುತ್ತಿದ್ದರು, ತಾವು ಮನೆಯಲ್ಲಿದ್ದರೂ ತಮ್ಮ ಬದಲಿಗೆ ಅದು ದೇವರೆದುರು ನಿಂತಿರಲಿ ಎಂದು. ಅದನ್ನು ಕೇಳಿದಾಗ ನನಗೆ ನಮ್ಮ ಕಡೆಯ ದೇವಸ್ಥಾನದ ನೆಲದಲ್ಲಿ ಅಡ್ಡಬಿದ್ದಂತೆ ಕೆತ್ತಿರುವ ಭಕ್ತರ ನೆನಪಾಗಿತ್ತು. ಟೀಚರ್ ಆ ತಲೆಗಳ ಎದುರು ದನಿ ತಗ್ಗಿಸಿ, "ಇವರೆಲ್ಲ ನಮ್ಮ ಹಿರಿಯರು" ಎಂದಿದ್ದಳು.

ಆ ಹಿರಿಯರಲ್ಲೊಬ್ಬರು ಈಗ ಟೂಂಗಾಬಿಯಲ್ಲಿ ಟೋಪಿ ಹಾಕಿಕೊಂಡು ಕೂತಿದ್ದರು.

"ಇದೆಲ್ಲಿಂದ ತಂದ್ಯೋ?" ಎಂದು ತಮ್ಮನನ್ನು ಕೇಳಿದೆ.

"ನಿಮ್ಮ ಮೆಲ್ಬರ್ನಿಂದಾನೇ, ಅಕ್ಕ! ಅಲ್ಲೊಂದು ಆಂಟೀಕ್ ಶಾಪ್ ಇದೆ. ಒರಿಜಿನಲ್ ಪೀಸು. ಮನೆಗೊಂದು ಕ್ಲಾಸ್ ಲುಕ್ ಬರುತ್ತೆ ಅಂತ."

"ಇದು ಗೋರೀಲಿ ಇಡೋದು ಕಣೋ. ಸತ್ತೋರ ಮುಖ. ನಮ್ಮೂರಿನ ವೀರಗಲ್ಲು ಯಾರೋ ಕಿತ್ಕೊಂಡು ಬಂದು ಹೀಗೆ ಕೂಲಿಂಗ್ ಗ್ಲಾಸ್ ಹಾಕಿ ಕುಣಿದ್ರೆ ಸುಮ್ನಿರ್ತೀಯ?"

"ಕದ್ದ ಮಾಲಾ?" ಎಂದು ಕೇಳುತ್ತಾನೆ, ನಾಚಿಕೆಪಡುತ್ತಾನೆ ಎಂದುಕೊಂಡೆ. ಅವನು ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ ಹೌಹಾರಿದಳು. "ಅಯ್ಯೋ, ಹೋಮ ಮಾಡಿದ ದಿನಾನೇ ಹೆಣದ ಸಾಮಾನಾ? ಈಗ್ಲೇ ಬಿನ್‌ಗೆ ಹಾಕ್ರೀ!" ಯಾರೋ ಹೆದರಿ ಕೈ ತೊಳೆಯಲು ಹೋದರು. ಒಂದು ಗಳಿಗೆ ಮುಂಚೆ ತಬ್ಬಿಕೊಂಡು ನಕ್ಕವರು ಈಗ ಮುಟ್ಟಲೂ ಒಲ್ಲರು. ಆಟದ ಬೊಂಬೆ, ಇಲ್ಲವೇ ಮೈಲಿಗೆ. ಮೂರನೆಯದೊಂದು ಯೋಚನೆ ಅಲ್ಲಿದ್ದ ಯಾರ ತಲೆಗೂ ಬರಲಿಲ್ಲ. ನನ್ನ ಸಿಟ್ಟು ನೆತ್ತಿಗೇರಿತು. "ಬಿನ್‌ಗೆ ಹಾಕಿದ್ರೆ ನಾನು ಈ ಮನೆ ಹೊಸ್ತಿಲು ತುಳಿಯಲ್ಲ" ಎಂದೆ.

"ಹಂಗಾದ್ರೆ ನೀನೇ ತಗೊಂಡೋಗಿ ಆ ಶಾಪ್‌ಗೆ ವಾಪಸ್ ಕೊಡು" ಎಂದ ತಮ್ಮ, ಮುಖ ಗಂಟಿಕ್ಕಿಕೊಂಡು.

ತಲೆಯನ್ನು ಲಗೇಜಿಗೆ ಹಾಕಲು ಮನಸ್ಸಾಗದೆ, ವಿಮಾನದ ಟಿಕೆಟ್ ಬಿಟ್ಟು ಹಗಲಿನ ರೈಲು ಹತ್ತಿದೆ. ವರ್ಷದ ಮಗುವಿನಷ್ಟು ಭಾರವಿದ್ದ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ದಾರಿಯುದ್ದಕ್ಕೂ ಬ್ಯಾಗಿನ ಮೇಲಿನ ಕೈ ತೆಗೆಯದೆ ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿದ್ದ ನನ್ನ ಮನೆಗೆ ತಂದೆ.

ಮರುದಿನ ತಮ್ಮ ಹೇಳಿದ್ದ ಅಂಗಡಿಗೆ ಹೋದೆ, ಮೊದಲು ವಿಚಾರಿಸೋಣ ಎಂದು ತಲೆಯನ್ನು ಮನೆಯಲ್ಲೇ ಬಿಟ್ಟು. ಕಪಾಟಿನಲ್ಲಿ ಅಂಥವೇ ಇನ್ನೂ ಕೆಲವಿದ್ದವು. ಒಂದರ ಬೆನ್ನಿಗೆ ಗಾರೆ ಇನ್ನೂ ಅಂಟಿಕೊಂಡಿತ್ತು. ಗೂಡಿನಿಂದ ಮೀಟಿ ತೆಗೆದದ್ದು ಎದ್ದು ಕಾಣುತ್ತಿತ್ತು. "ಇವು ಎಲ್ಲಿಂದ ಬಂದವು?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅಂಗಡಿಯಾತ ಬಲು ನಯವಾದ ಮನುಷ್ಯ. ಯಾರೋ ದೊಡ್ಡ ಮನುಷ್ಯರ ಹಳೆಯ ಸಂಗ್ರಹ ಎಂದ. ಯಾರದು ಎಂದರೆ, ಅದು ಗುಟ್ಟು ಎಂದ. ಗೋರಿ ಒಡೆದು ತಂದದ್ದಲ್ಲವೇ ಎಂದರೆ ನಕ್ಕು, "ನಾವು ತರದಿದ್ದರೆ ಅವು ಅಲ್ಲೇ ಹಾಳಾಗುತ್ತಿದ್ದವು. ಅಲ್ಲಿನವರಿಗೆ ಇದರ ಬೆಲೆ ಏನು ಗೊತ್ತು?" ಎಂದ. ಮ್ಯೂಸಿಯಮ್ಮಿನಲ್ಲಿ ದನಿ ತಗ್ಗಿಸಿದ್ದ ಆ ಟೀಚರ್ ಕಣ್ಣಮುಂದೆ ಬಂದಳು. "ಗೊತ್ತಿರೋದರಿಂದಲೇ ಅವರು ಮಾರಲಿಲ್ಲ" ಎಂದು ಹೇಳಿ ಹೊರಬಂದೆ.

ಇಲ್ಲಿ ನಾನು ಕೆಲಸಕ್ಕಿದ್ದ ಆಸ್ಪತ್ರೆಯ ವಾರ್ಡಿನಲ್ಲಿ ಯೆಮೆನ್ ಮೂಲದ ಡಾಕ್ಟರ್ ಒಬ್ಬರಿದ್ದರು. ಅವರನ್ನು ಮನೆಗೆ ಕರೆದು ಸೀರೆ ಬಿಚ್ಚಿ ತೋರಿಸಿದೆ. ಅವರು ಬಗ್ಗಿ ಬುಡದ ಅಕ್ಷರಗಳ ಮೇಲೆ ಬೆರಳಾಡಿಸಿದರು. ಆಮೇಲೆ, "ಈ ಅಕ್ಷರ ನನಗೂ ಓದಲು ಬರುವುದಿಲ್ಲ ಸಿಸ್ಟರ್. ಆದರೆ ಇದನ್ನು ಮತ್ತೆ ಆ ಅಂಗಡಿಗೆ ಕೊಡಬೇಡಿ" ಎಂದರು. ಬೇರೆ ದೇಶದಿಂದ ಅಕ್ರಮವಾಗಿ ಬಂದ ಇಂಥ ವಸ್ತುಗಳನ್ನು ಹಿಂದಿರುಗಿಸುವ ಕಾನೂನು ಇಲ್ಲಿದೆ ಎಂದು ಅವರೇ ವಿಚಾರಿಸಿ ತಿಳಿದುಕೊಂಡರು. ಇಬ್ಬರೂ ಕೂತು ರಾಜಧಾನಿ ಕ್ಯಾನ್ಬೆರಾದ ಸರ್ಕಾರಿ ಕಚೇರಿಗೆ ಫೋನ್ ಮಾಡಿದೆವು. ಅಧಿಕಾರಿಯೊಬ್ಬಳು ಬಂದು ತಲೆಯನ್ನು ಒಯ್ದಳು. ಯಾರು ಕೊಂಡದ್ದು ಎಂದು ಕೇಳಿದಳು. ನಾನು ಇದ್ದದ್ದನ್ನು ಹೇಳಿದೆ.

ಆ ವಾರವೇ ತಮ್ಮನ ಫೋನ್ ಬಂತು. "ಏನಕ್ಕ, ಗವರ್ನ್‌ಮೆಂಟೋರು ನನ್ನ ಹತ್ರ ಸ್ಟೇಟ್‌ಮೆಂಟ್ ಕೇಳ್ತಿದ್ದಾರೆ! ನನ್ನ ಪಿಆರ್‌ಗೆ ಪ್ರಾಬ್ಲಮ್ ಆಗಿ ಈ ದೇಶದಿಂದಾನೇ ಓಡಿಸಿದ್ರೆ? ಒಂದು ಕಲ್ಲಿಗೋಸ್ಕರ ಸ್ವಂತ ತಮ್ಮನ್ನ ಹಿಡ್ಕೊಟ್ಯಲ್ಲ!"

"ನಿಂದೇನೂ ತಪ್ಪಿಲ್ಲ ಅಂದ್ರೆ ನಿಜ ಹೇಳಕ್ಕೆ ಯಾಕೋ ಭಯ? ಅಂಗಡಿ ಹೆಸರು ಹೇಳು, ಮುಗೀತು."

ಅವನು ಫೋನ್ ಕುಕ್ಕಿದ. ಅಧಿಕಾರಿಗಳಿಗೆ ಹೇಳಿದ್ದೇನೋ ಹೇಳಿದ, ಅವನ ಪಿಆರ್‌ಗೆ ಕೂದಲೂ ಕೊಂಕಲಿಲ್ಲ. ಆದರೆ ಆಮೇಲೆ ಯುಗಾದಿಗೂ ದೀಪಾವಳಿಗೂ ಅವರ ಮನೆಯಿಂದ ನನಗೆ ಫೋನ್ ಇಲ್ಲ. ಊರಲ್ಲಿ ಚಿಕ್ಕಮ್ಮನಿಗೆ ನಾನು ಸಾಬರ ಗೋರಿಗಾಗಿ ತಮ್ಮನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಟ್ಟೆ ಎಂದು ಸುದ್ದಿ ಹೋಯಿತು. ಅದು ಇಸ್ಲಾಂಗೂ ಮೊದಲಿನ ಗೋರಿ ಎಂದು ಹೇಳಿ ಅವರನ್ನು ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. ಸಾಬರದ್ದೇ ಆಗಿದ್ದರೆ ಕದಿಯಬಹುದಿತ್ತೇ?

ಬಹಳ ತಿಂಗಳಾದ ಮೇಲೆ ಆ ಅಧಿಕಾರಿ ಫೋನ್ ಮಾಡಿದಳು. ಬಲ್ಲವರೊಬ್ಬರು ಬುಡದ ಅಕ್ಷರ ಓದಿದ್ದರಂತೆ. ಅದು ಒಬ್ಬ ಹೆಂಗಸಿನ ಹೆಸರು, ಜೊತೆಗೆ ಅವಳ ಮನೆತನದ್ದು. ಪಾರ್ಟಿಯಲ್ಲಿ ಎಲ್ಲರೂ ಅವಳನ್ನು "ಬಾಸ್, ಬಾಸ್" ಎಂದು ಕರೆಯುತ್ತಿದ್ದರು. ಯೆಮೆನ್ ಸರ್ಕಾರ ಕೇಳಿಕೊಂಡಿದ್ದರಿಂದ ಅವಳನ್ನು ಊರಿಗೆ ಕಳಿಸುವುದು ಖಚಿತವಾಗಿತ್ತು. ಡಾಕ್ಟರಿಗೆ ಹೇಳಿದಾಗ ಅವರು ವಾರ್ಡಿನ ನಡುವೆಯೇ ಕಣ್ಣೊರೆಸಿಕೊಂಡರು.

ಅಂಗಡಿ ಮಾತ್ರ ನಡೆಯುತ್ತಲೇ ಇತ್ತು. ತನಗೆ ಮಾರಿದವನು ಸುಳ್ಳು ಹೇಳಿದ್ದ, ತನಗೇನೂ ಗೊತ್ತಿರಲಿಲ್ಲ ಎಂದು ಆತ ನುಣುಚಿಕೊಂಡಿದ್ದನಂತೆ. ಮುಂದಿನ ಚಳಿಗಾಲದಲ್ಲಿ ಆ ಬೀದಿಯಲ್ಲಿ ಹೋಗುವಾಗ ಗಾಜಿನ ಹಿಂದೆ ಮತ್ತೊಂದು ಮುಖ ಕಂಡಿತು, ಗಡ್ಡದ ಗಂಡಸಿನದು, ಕೆಳಗೆ ದೀಪ ಬೇರೆ. ಒಳಗಿದ್ದ ಆತ ನನ್ನ ಗುರುತು ಹಿಡಿದು ಪರದೆ ಎಳೆಯಲು ಎದ್ದ. ನಾನು ಫುಟ್‌ಪಾತಿನಲ್ಲೇ ನಿಂತು, ಅವನ ಎದುರಿಗೇ ಕ್ಯಾನ್ಬೆರಾದ ನಂಬರ್ ಒತ್ತಿದೆ.