ದುರ್ಗಾ ಬೇಡವೆಂದ ಹುದ್ದೆ

ದುರ್ಗಾ ಅನುರಾಧಾ ಮೇಡಂ ಅವರನ್ನು ಮೊದಲ ಸಲ ಕಂಡದ್ದು ಮಾನ್ವಿಯಲ್ಲಿ, ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ. ಕೆಲಸ ಕೇಳಲು ಬಾಗಲವಾಡದಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು. ಕಾಲಲ್ಲಿದ್ದದ್ದು ಚಿಕ್ಕಮ್ಮನ ಚಪ್ಪಲಿ. ಸಡಿಲವಾಗಿದ್ದರಿಂದ ಬೆರಳು ಬಿಗಿಹಿಡಿದೇ ಮೆಟ್ಟಿಲು ಹತ್ತಿದಳು. ಒಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ ಅನುರಾಧಾ ಹುರಿದ ಶೇಂಗಾ ಸುಲಿಯುತ್ತಿದ್ದರು. ರಾಯಚೂರಿನ ಅಕ್ಕಿ ಗಿರಣಿ ಮನೆತನದ ಹೆಣ್ಣುಮಗಳು. ಹಳ್ಳಿ ಹೆಂಗಸರಿಂದ ಖಡಕ್ ರೊಟ್ಟಿ ಮಾಡಿಸಿ ಪೇಟೆಯಲ್ಲಿ ಮಾರುವ ಸಂಸ್ಥೆಯ ನಿರ್ದೇಶಕಿ. ದುರ್ಗಾಳ ಬಿ.ಎ. ಅಂಕಪಟ್ಟಿಯನ್ನು ಒಮ್ಮೆ ನೋಡಿ ಬದಿಗಿಟ್ಟರು.

“ಗಾಡಿ ಹೊಡಿಯಾಕ ಬರ್ತದೇನವಾ?”

“ಬರ್ತದ್ರಿ. ಎರಡು ಸಲ ಬಿದ್ದೀನಿ.”

“ಬಿದ್ದದ್ದು ಯಾಕ ಹೇಳ್ತಿ? ನಾ ಕೇಳಿಲ್ಲಲ್ಲ.”

“ಮೂರನೇ ಸಲ ಬಿದ್ರ ನೀವು ಬೈಬಾರ್ದಲ್ರಿ, ಅದಕ್ಕ.”

ಅನುರಾಧಾ ನಕ್ಕ ರಭಸಕ್ಕೆ ಮೇಜಿನ ಮೇಲಿನ ಶೇಂಗಾ ಹೊಟ್ಟು ಹಾರಿತು. ಆಮೇಲೆ ದನಿ ತಗ್ಗಿಸಿ ಕೇಳಿದರು: “ನಿಮ್ಮದು ಮನಿತನ... ಯಾವ್ದು?”

“ಚಲವಾದಿಗಳ್ರಿ, ಕೇರಿಯೋರು. ಮೆಲ್ಲಗ ಯಾಕ ಕೇಳ್ತೀರಿ? ಕೆಳಗಿನ ಅಂಗಡಿಯವ್ರಿಗೂ ಗೊತ್ತದ.”

ಅನುರಾಧಾರ ಮುಖ ಕೆಂಪಾಯಿತು. ಶೇಂಗಾ ತಟ್ಟೆಯನ್ನು ಹುಡುಗಿಯತ್ತ ಸರಿಸಿದರು. ರೊಟ್ಟಿ ಕೇಂದ್ರದ ಮೇಲ್ವಿಚಾರಕಿಯ ಕೆಲಸ ಅವತ್ತೇ ಸಿಕ್ಕಿತು.

ದೇವದುರ್ಗದ ಕೇಂದ್ರಕ್ಕೆ ಹೋದ ಮೇಲೆ ದುರ್ಗಾ ಕಂಡದ್ದು ಯಾರೂ ಬಾಯಿಬಿಟ್ಟು ಹೇಳದ ಒಂದು ಪದ್ಧತಿ. ಕೇರಿಯ ಹೆಂಗಸರು ಜೋಳ ಹಸನು ಮಾಡುತ್ತಿದ್ದರು, ಕಟ್ಟಿಗೆ ತರುತ್ತಿದ್ದರು. ರೊಟ್ಟಿ ಬಡಿಯುವವರು ಮಾತ್ರ ಮೇಲಿನ ಓಣಿಯವರು. ಕೇಳಿದರೆ, “ತಗೊಳ್ಳೋರು ಏನಂತಾರೋ” ಎಂಬ ಉತ್ತರ. ಒಂದು ದಿನ ದುರ್ಗಾ ತಾನೇ ಹಿಟ್ಟಿನ ಮುಂದೆ ಕುಳಿತುಬಿಟ್ಟಳು. ಒಲೆಯಾಚೆ ಇದ್ದ ಹಿರಿಯಾಕೆ ಬಸವಂತಮ್ಮ ಹುಬ್ಬು ಗಂಟಿಕ್ಕಿದಳು. ಮೊದಲ ರೊಟ್ಟಿ ನಡುವೆಯೇ ಹರಿಯಿತು.

“ಏನವಾ ಇದು, ನಕಾಶಿ ಬರ್ದೀಯೇನು? ಆಂಧ್ರಾ ಬ್ಯಾರೆ, ತೆಲಂಗಾಣ ಬ್ಯಾರೆ!” ಎಂದಳು ಬಸವಂತಮ್ಮ.

ಕೇರಿಯವರು, ಓಣಿಯವರು ಎಲ್ಲರೂ ನಕ್ಕರು. ಕೆಟ್ಟ ರೊಟ್ಟಿ ಕಂಡರೆ ಸಹಿಸದ ಆಕೆ ಎದ್ದು ಬಂದು, ದುರ್ಗಾಳ ಮುಂಗೈ ಹಿಡಿದು, ಹಿಟ್ಟು ಹೇಗೆ ತಿರುಗಬೇಕೆಂದು ತೋರಿಸಿದಳು. ಮರುವಾರದಿಂದ ಎಲ್ಲರೂ ಎಲ್ಲ ಕೆಲಸಕ್ಕೆ ಸರದಿಯಲ್ಲಿ ಕೂರಬೇಕೆಂದು ದುರ್ಗಾ ಗೊತ್ತುಪಡಿಸಿದಳು. ಇಬ್ಬರು ಮುನಿಸಿಕೊಂಡು ಬಿಟ್ಟುಹೋದರು. ಒಬ್ಬಾಕೆ ದೀಪಾವಳಿ ಕಳೆದ ಮೇಲೆ ಮರಳಿ ಬಂದಳು. ರೊಟ್ಟಿ ಕೊಳ್ಳುವುದನ್ನು ಮಾತ್ರ ಯಾರೂ ಬಿಡಲಿಲ್ಲ. ಕೆಲವು ವರ್ಷಗಳಲ್ಲಿ ಮಾನ್ವಿ ಕೇಂದ್ರವೂ ಅವಳ ಕೈಗೆ ಬಂತು.

ಹೀಗಿದ್ದರೂ ರಾಯಚೂರಿನ ಆಡಳಿತ ಮಂಡಳಿಯಲ್ಲಿ ಕೇರಿಯ ಒಬ್ಬರೂ ಇರಲಿಲ್ಲ. ಬಡಿಯುವವರಲ್ಲಿ, ಒಣಗಿಸುವವರಲ್ಲಿ, ಹೊತ್ತು ಮಾರುವವರಲ್ಲಿ ಅವರೇ ಹೆಚ್ಚು; ತೀರ್ಮಾನಿಸುವ ಮೇಜಿನ ಸುತ್ತ ಗಿರಣಿ, ಅಂಗಡಿ ಮನೆತನದವರು. ಅನುರಾಧಾ ನಿರ್ದೇಶಕಿ ಸ್ಥಾನ ಬಿಡುವುದಾಗಿ ಹೇಳಿದಾಗ ಆ ಸ್ಥಾನ ತನಗೆ ಬೇಕೆಂದು ದುರ್ಗಾಳಿಗೆ ಅನಿಸಿತು. ಅದನ್ನು ಅವಳು ಮುಚ್ಚಿಡಲಿಲ್ಲ. ಅನುರಾಧಾಗೆ ನೇರವಾಗಿ ಹೇಳಿದಳು.

ಮಂಡಳಿಯ ಸಭೆಗೆ ಅಧ್ಯಕ್ಷ ಚನ್ನವೀರ ಶಾಲು, ಪೇಢೆ ತರಿಸಿದ್ದರು. ಗಿರಣಿ ಮಾಲೀಕರು, ಕೊಡುಗೈಯವರು, ದುರ್ಗಾಳನ್ನು ಮನೆಮಗಳಂತೆ ಮಾತಾಡಿಸುವವರು.

“ಬಾರವಾ ದುರ್ಗಾ. ನಿನಗಂತ ಹೊಸಾ ಹುದ್ದೆ ಮಾಡೀವಿ. ಪರಿಶಿಷ್ಟ ಘಟಕದ ಮುಖ್ಯಸ್ಥೆ. ಬ್ಯಾರೆ ಕೋಣಿ, ಬ್ಯಾರೆ ಗಾಡಿ!”

“ನಿರ್ದೇಶಕರು ಯಾರ್ರೀ?”

“ಬೆಂಗಳೂರಿಂದ ಯಾರನ್ನರ ಕರಸ್ತೀವಿ. ನೀ ನಿಮ್ಮೋರ್ನ ನೋಡ್ಕೊಂಡ್ರ ಸಾಕು.”

ದುರ್ಗಾಳಿಗೆ ಸಿಟ್ಟಿಗಿಂತ ಮೊದಲು ನಗು ಬಂತು. “ಅಲ್ರಿ ಯಪ್ಪಾ, ಅನುರಾಧಾ ಮೇಡಂಗ ಇಡೀ ಸಂಸ್ಥಾ ಕೊಟ್ರಿ. ಲಿಂಗಾಯತ ಘಟಕ ಅಂತ ಮಾಡಿ ಅದನ್ನಷ್ಟ ನೋಡ್ಕೋರಿ ಅಂತ ಅವರಿಗಿ ಹೇಳಿದ್ರೇನು? ನನಗ್ಯಾಕ ಕೇರಿ ಅಷ್ಟ?”

ಪೇಢೆ ಪೆಟ್ಟಿಗೆ ಬಿಚ್ಚುತ್ತಿದ್ದ ಕೈ ನಿಂತಿತು. “ಗೌರವಕ್ಕ ಮಾಡಿದ್ದವಾ,” ಎಂದರು ಚನ್ನವೀರ. ಅವರ ದನಿಯಲ್ಲಿ ನಿಜವಾದ ನೋವಿತ್ತು. “ಮತ್ತ ಮೇಲಿನ ಓಣಿ ಹೆಂಗಸ್ರು ಒಪ್ಪಬೇಕಲ್ಲ? ಬಸವಂತಮ್ಮಗ ಫೋನ್ ಹಚ್ಚಿ ಕೇಳೋಣು.”

“ಹಚ್ರಿ. ಆದ್ರ ಅನುರಾಧಾ ಮೇಡಂ ಬಂದಾಗ ಕೇರಿಗಿ ಯಾರರ ಫೋನ್ ಹಚ್ಚಿ ಕೇಳಿದ್ರೇನು?”

ಉತ್ತರ ಕೊಟ್ಟವರು ಅನುರಾಧಾ. “ಕೇಳಿಲ್ಲ. ನನ್ನನ್ನ ಸಂದರ್ಶನಾನೂ ಮಾಡಿಲ್ಲ, ಕಾಕಾ. ನೀವು ಊಟಕ್ಕ ಕರದು, ಹೋಳಿಗಿ ಬಡಿಸ್ಕೋತ ಹೇಳಿದ್ರಿ.”

ದುರ್ಗಾ ತನ್ನ ಮಾತು ಹೀಗೆ ಮುಗಿಸಿದಳು: ಘಟಕ ಬೇಡ. ನಿರ್ದೇಶಕರ ಹುದ್ದೆಗೆ ಜಾಹೀರಾತು ಕೊಡಿ. ತಾನೂ ಅರ್ಜಿ ಹಾಕುವವಳೇ. ಬೆಂಗಳೂರಿನವರಿಗೆ ಕೇಳುವ ಪ್ರಶ್ನೆಯನ್ನೇ ತನಗೂ ಕೇಳಿ. ಸೋತರೆ ದೇವದುರ್ಗದಲ್ಲಿ ಕೆಲಸ ಇದ್ದೇ ಇದೆ. ಮಂಡಳಿಯಲ್ಲಿ ಮಾತ್ರ ರೊಟ್ಟಿ ಬಡಿಯುವವರಿಗೆ ಕುರ್ಚಿ ಬೇಕು, ತಾನು ಗೆದ್ದರೂ ಸೋತರೂ.

ಚನ್ನವೀರ ಶಾಲನ್ನು ಮಡಿಸಿ ಬದಿಗಿಟ್ಟರು. “ನನ್ನ ಬುದ್ಧಿಗಿ ಇದು ಹೊಳಿಲೇ ಇಲ್ಲ ನೋಡು,” ಎಂದು ಕೊನೆಗೆ ಜಾಹೀರಾತಿಗೂ ಮಂಡಳಿಯ ಕುರ್ಚಿಗೂ ಒಪ್ಪಿದರು. ಜಾಹೀರಾತಿನ ಕರಡಿನಲ್ಲಿದ್ದ ‘ಇಂಗ್ಲಿಷ್ ಕಡ್ಡಾಯ’ ಎಂಬ ಸಾಲನ್ನು ಅನುರಾಧಾ ಹೊಡೆದುಹಾಕಿದರು. ಇಂಗ್ಲಿಷಿನಲ್ಲಿ ವರದಿ ಬರೆಯಲು ಒಬ್ಬರನ್ನು ಇಟ್ಟುಕೊಂಡರಾಯಿತು, ಹೆಂಗಸರ ಜೊತೆ ಮಾತಾಡಲು ಹಾಗಾಗದು ಎಂದರು.

ಸಂದರ್ಶನಕ್ಕೆ ಐವರು ಬಂದರು. ಹೊರಗಿನಿಂದ ಕರೆಸಿದ ಇಬ್ಬರು ಪರೀಕ್ಷಕರೂ ಮಂಡಳಿಯವರೂ ಸೇರಿ ಆರಿಸಿದ್ದು ದುರ್ಗಾಳನ್ನು. ಕೈ ಎತ್ತಿದವರಲ್ಲಿ ಚನ್ನವೀರರೂ ಇದ್ದರು.

ದುರ್ಗಾ ಈಗ ಆ ಸಂಸ್ಥೆಯ ನಿರ್ದೇಶಕಿ. ಸೋಮವಾರ ದೇವದುರ್ಗದಲ್ಲಿ, ಗುರುವಾರ ಮಾನ್ವಿಯಲ್ಲಿ, ಉಳಿದ ದಿನ ರಾಯಚೂರಿನ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಮಂಡಳಿಯಲ್ಲಿ ರೊಟ್ಟಿ ಬಡಿಯುವ ಇಬ್ಬರು, ಬಾಗಲವಾಡ ಕೇರಿಯ ಕನಕಮ್ಮ ಮತ್ತು ಮಾನ್ವಿಯ ಜೈಬುನ್ನೀಸಾ, ಸದಸ್ಯರಾಗಿದ್ದಾರೆ.